ಕಿಟಕಿಯಲ್ಲಿಟ್ಟ ಹೆಸರು

"ಆ ಹೆಸರು ನನ್ನ ಕನಸಲ್ಲಿ ಬಂತು, ಗೊತ್ತಾ? ಬಿಳಿ ಕುದುರೆ ಮೇಲೆ ಕೂತ್ಕೊಂಡು ಬಂತು!" ಅಂದಳು ಅಜ್ಜಿ.

"ಬಂದ ಕುದುರೆ ಮೇಲೇ ವಾಪಸ್ ಕಳಿಸಬೇಕಿತ್ತು. ಅದು ನನ್ನ ಹೆಸರು!" ಅಂದಳು ಡ್ರೈವರಮ್ಮ.

ನಾನು ಇಬ್ಬರ ನಡುವೆ ನಿಂತಿದ್ದೆ. ಎರಡು ಹುಲಿಗಳ ನಡುವೆ ನಿಂತು ಮೀಸೆ ತಿರುವಿದ ಗಂಡು ನಾನು. ಹುಲಿಗಳೇ ನಾಚಿಕೊಂಡು ಪಕ್ಕಕ್ಕೆ ಸರಿದಿದ್ದವು, ಆ ಕಥೆ ಇನ್ನೊಮ್ಮೆ. ಆದರೆ ಈ ಇಬ್ಬರ ನಡುವೆ ನನ್ನ ಮೀಸೆಗೂ ಬೆವರು ಬಂತು.

ಹೊಸದಾಗಿ ಸೇರಿಕೊಂಡ ಓದುಗರಿಗೆ ಒಂದೇ ಮಾತು: ಗಾಜು ಊದುವ ಅಪ್ಪ ಮಗಳಿಗೆ ಜಗತ್ತಿನಲ್ಲಿ ಯಾರಿಗೂ ಇಲ್ಲದ, ಮನೆಯಲ್ಲಷ್ಟೇ ಕರೆಯುವ ಹೆಸರೊಂದನ್ನು ಇಟ್ಟು, ಹನ್ನೆರಡು ವರ್ಷದ ಹಿಂದೆ ಕುಲುಮೆಯ ಬೆಂಕಿಗೆ ಆಹುತಿಯಾದ, ಆ ಮಗಳು ಈಗ ಸಿಟಿ ಬಸ್ಸಿನ ಡ್ರೈವರು, ಅದೇ ಹೆಸರಿನ ಆರು ಮಕ್ಕಳು ಒಂದೇ ಬಡಾವಣೆಯಲ್ಲಿ ಓಡಾಡುತ್ತಿವೆ, ಹೆಸರು ಹೊರಗೆ ಬಿಟ್ಟವರು ಯಾರು ಅಂತ ಹುಡುಕಲು ಆಕೆ ನನ್ನ ಬಾಗಿಲು ತಟ್ಟಿದ್ದಾಳೆ. ತಟ್ಟಿದಳು ಅನ್ನುವುದು ಮರ್ಯಾದೆಯ ಮಾತು. ಬಾಗಿಲಿನ ಒಂದು ಕೀಲು ಇನ್ನೂ ನೇತಾಡುತ್ತಿದೆ.

ಆ ಹೆಸರನ್ನು ಇಲ್ಲಿ ಅಚ್ಚು ಹಾಕುವ ಹಾಗಿಲ್ಲ. "ಹಾಕಿದ್ರೆ ಮುಂದಿನ ವಾರ ಊರಿಗೆ ನಾನೂರು ಹುಟ್ಕೋತಾವೆ, ಆಗ ಬಸ್ಸು ನಿಮ್ಮ ಮೇಲೇ ಹತ್ತಿಸ್ತೀನಿ," ಅಂದಿದ್ದಾಳೆ. ನನ್ನ ಓದುಗರು ಕೋಟ್ಯಂತರ. ಆಕೆಯ ಭಯ ನ್ಯಾಯವಾದದ್ದೇ.

ಅಜ್ಜಿಯ ಮೊಮ್ಮಗಳು ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿತು. "ನನ್ನನ್ನ ಕರೆದ್ರಾ?"

"ಇಲ್ಲ!" ಅಂತ ಗುಡುಗಿದಳು ಡ್ರೈವರಮ್ಮ.

ಮಗು ಅಳಲಿಲ್ಲ. ನಾಲಿಗೆ ಚಾಚಿ ಒಳಗೆ ಹೋಯಿತು. ಹೆಸರಿಗೆ ತಕ್ಕ ಸೊಕ್ಕು ಆರಕ್ಕೆ ಆರೂ ಮಕ್ಕಳಲ್ಲೂ ಇತ್ತು, ಅದನ್ನು ಮೊದಲು ಗುರುತಿಸಿದವನು ನಾನೇ.

ಅಜ್ಜಿಯದು ಕನಸು. ಅದಕ್ಕೂ ಮೊದಲು ನೋಡಿದ ಮೇಷ್ಟ್ರ ಮನೆಯಲ್ಲಿ ಅದು ಹಳೆಯ ನಿಘಂಟಿನ ಶಬ್ದ, ಅರ್ಥ ‘ಬೆಳಗಿನ ಮೊದಲ ಗಾಳಿ’. ಯಾವ ನಿಘಂಟು, ಯಾವ ಪುಟ ಅಂದಾಗ ಮೇಷ್ಟ್ರಿಗೆ ಕೆಮ್ಮು ಹತ್ತಿತು. ಕ್ಷೌರದಂಗಡಿಯವನ ಪ್ರಕಾರ ಅದು ಸಮುದ್ರದಾಚೆಯ ಯಾವುದೋ ರಾಣಿ, ಆಕೆ ಮೂವರು ಗಂಡಂದಿರನ್ನು ಕೊಂದವಳು. "ಮಗಳಿಗೆ ಇಡೋ ಹೆಸರೇನಯ್ಯಾ ಅದು?" ಅಂದರೆ, "ಗಂಡಿನ ಕಡೆಯವರು ಹೆದರಿಕೊಂಡಿರಲಿ ಅಂತ," ಅಂದ. ಉಳಿದೆರಡು ಮನೆಯವರಂತೂ ನಾವೇ ಹೆತ್ತ ಹೆಸರು ಅಂತ ಎದೆ ಉಬ್ಬಿಸಿದರು. ಮಗುವನ್ನು ಹೆತ್ತದ್ದು ಸಾಲದು, ಹೆಸರನ್ನೂ ಹೆರಬೇಕು ಇವರಿಗೆ.

ಒಬ್ಬರದೂ ನಿಜವಲ್ಲ. ಹೇಗೆ ಗೊತ್ತು ಅಂತೀರಾ? ಸುಳ್ಳು ಮೂರು ಬೀದಿ ಆಚೆ ಇದ್ದರೂ ನನ್ನ ಮೂಗು ತುರಿಸುತ್ತದೆ. ಆ ವಾರವೆಲ್ಲ ತುರಿಸಿ ತುರಿಸಿ ಮೂಗು ಮೂಲಂಗಿಯಾಗಿತ್ತು.

ಆರನೆಯ ಮನೆ ಟೈಲರಮ್ಮನದು. ಹೊಲಿಗೆ ಯಂತ್ರದ ಮುಂದೆ ಕೂತು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದಳು.

"ನಾನ್ಯಾಕೆ ಸುಳ್ಳು ಹೇಳಲಿ? ನಕಲು ಹೊಡೆದೆ."

ನನ್ನ ಮೂಗು ತಣ್ಣಗಾಯಿತು.

"ಎಲ್ಲಿಂದ?" ಅಂತ ಡ್ರೈವರಮ್ಮ ಮುಂದೆ ಬಂದಳು.

"ಹೆರಿಗೆ ಆಸ್ಪತ್ರೆ ಸ್ಟಾಪಿನ ಹಿಂದೆ ಒಂದು ಕೆತ್ತನೆ ಅಂಗಡಿ ಇಲ್ವಾ? ಅದರ ಕಿಟಕಿಯಲ್ಲಿ ಒಂದು ಗಾಜಿನ ಬಟ್ಟಲು ಇಟ್ಟಿದ್ದಾರೆ, ಅದರ ಮೇಲೆ ಆ ಹೆಸರು. ಎಂಟನೇ ತಿಂಗಳು ನನಗೆ, ಸೊಂಟ ಬಿದ್ದುಹೋಗ್ತಿತ್ತು. ಹಾಳಾದ ಬಸ್ಸು ದಿನಾ ತಡ. ನಿಂತು ನಿಂತು ಬೇರೆ ಏನು ನೋಡಲಿ? ಅದನ್ನೇ ನೋಡಿದೆ. ನೋಡ್ತಾ ನೋಡ್ತಾ ಇಷ್ಟ ಆಯ್ತು."

"ಯಾವ ಬಸ್ಸು?"

ಟೈಲರಮ್ಮ ನಂಬರು ಹೇಳಿದಳು.

ನಾನು ಡ್ರೈವರಮ್ಮನ ಮುಖ ನೋಡಿದೆ. ಆಕೆ ಗೋಡೆ ನೋಡಿದಳು. ಬಸ್ಸು ಅವಳದೇ.

ನಾನು ನಗಬಾರದಿತ್ತು. ನಕ್ಕೆ. ಸ್ವಂತ ಹೆಸರಿನ ಕಳ್ಳರನ್ನು ಊರೆಲ್ಲ ಹುಡುಕುತ್ತಿರುವವಳೇ ಬಸ್ಸು ತಡ ಮಾಡಿ ಮಾಡಿ ಬಸುರಿಯರನ್ನು ಆ ಕಿಟಕಿಯ ಮುಂದೆ ನಿಲ್ಲಿಸಿದ್ದಾಳೆ! ಆರು ವರ್ಷದಿಂದ ದಿನವೂ ಅಲ್ಲಿ ಬ್ರೇಕ್ ಹಾಕಿದ್ದಾಳೆ, ಒಮ್ಮೆಯೂ ಅಂಗಡಿ ಕಂಡಿಲ್ಲ. ಡ್ರೈವರ್ ಸೀಟು ಆಚೆ ಬದಿ. ಕನ್ನಡಿಯಲ್ಲಿ ಕಾಣುವುದು ಹತ್ತುವವರ ತಲೆ ಮಾತ್ರ.

"ಇನ್ನೊಂದು ಸಲ ನಕ್ಕರೆ," ಅಂದಳು, "ಟಿಕೆಟ್ ಕೊಟ್ಟರೂ ಹತ್ತಿಸಲ್ಲ."

---

ಮಾರನೆಯ ದಿನ ನಡು ಹಗಲಿನಲ್ಲಿ ಆಸ್ಪತ್ರೆ ಸ್ಟಾಪಿನಲ್ಲಿ ಬಸ್ಸು ನಿಂತಿತು. ಎಂಜಿನ್ ಗುರ್ ಅನ್ನುತ್ತಲೇ ಇತ್ತು. ಡ್ರೈವರಮ್ಮ ಕೆಳಗಿಳಿದಳು, ಹಿಂದೆ ನಾನು.

"ಏನ್ರೀ ಇದು? ಮಧ್ಯ ದಾರೀಲಿ ಶಾಪಿಂಗಾ?" ಅಂತ ಬಸ್ಸಿನೊಳಗಿಂದ ಒಬ್ಬ ಕೂಗಿದ.

"ಸುಮ್ನಿರ್ರೀ, ಮೇಡಂ ಮುಖ ನೋಡಿದ್ರಾ? ಜೀವ ಬೇಕು ಅಂದ್ರೆ ಕೂತಿರಿ," ಅಂದ ಕಂಡಕ್ಟರು.

ಕಿಟಕಿಯಲ್ಲಿ ಬಹುಮಾನದ ಕಪ್ಪುಗಳು, ಹಿತ್ತಾಳೆ ಫಲಕಗಳು, ಮದುವೆಯ ಉಂಗುರಗಳು. ಎಲ್ಲದರ ನಡುವೆ ಮರದ ಪೀಠದ ಮೇಲೆ ಒಂದು ಗಾಜಿನ ಬಟ್ಟಲು. ಅದರ ಹೊಟ್ಟೆಯ ಮೇಲೆ ಆ ಹೆಸರು.

ಡ್ರೈವರಮ್ಮ ಒಳಗೆ ನುಗ್ಗಿ, ಹೇಳದೆ ಕೇಳದೆ ಬಟ್ಟಲು ಎತ್ತಿಕೊಂಡಳು.

"ಅಮ್ಮಾ! ಇಡಿ ಅದನ್ನ! ಅದು ಮಾರೋದಲ್ಲ!" ಕೆತ್ತನೆಯವನು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ಸಮೇತ ಎದ್ದು ಬಂದ. ಒಂದು ಕಣ್ಣು ಕೋಳಿ ಮೊಟ್ಟೆಯಷ್ಟು ಕಾಣುತ್ತಿತ್ತು. ನನ್ನ ಮಾತಿನಲ್ಲಿ ಸ್ವಲ್ಪ ಕಳೆದೇ ಕೇಳುವವರಿಗಾಗಿ: ಬಾತುಕೋಳಿ ಮೊಟ್ಟೆಯಷ್ಟು.

ಅವಳು ಬಟ್ಟಲನ್ನು ತಿರುಗಿಸಿ ತಳವನ್ನು ಹೆಬ್ಬೆರಳಿನಲ್ಲಿ ಸವರಿದಳು. "ಇದು ನಮ್ಮಪ್ಪ ಮಾಡಿದ್ದಲ್ಲ. ಅಪ್ಪ ಊದಿದ ಪ್ರತಿಯೊಂದರ ತಳದಲ್ಲೂ ಒಂದು ಗಾಯ ಇರುತ್ತೆ, ಗಾಜನ್ನ ಸರಳಿನಿಂದ ಮುರಿದು ಬಿಡಿಸಿದ ಜಾಗ. ಇದರ ತಳ ನುಣ್ಣಗಿದೆ. ಯಂತ್ರದ್ದು."

ನಾನೂ ಅದನ್ನೇ ಹೇಳಬೇಕೆಂದಿದ್ದೆ. ಆಕೆ ಮೊದಲು ಬಾಯಿ ತೆರೆದಳು, ಅಷ್ಟೇ.

ಕೆತ್ತನೆಯವನ ಮುಖ ಬಿಳಿಚಿತು. "ನಮ್ಮಪ್ಪ ಅಂದ್ರಾ?"

"ಹೌದು. ಇದು ನನ್ನ ಹೆಸರು. ಯಾರು ಕೊಟ್ಟದ್ದು ನಿಮಗೆ?"

ಅವನು ಕೂರಲು ಸ್ಟೂಲು ಹುಡುಕಿದ. ಸಿಕ್ಕಲಿಲ್ಲ, ಕೌಂಟರಿಗೆ ಒರಗಿದ. "ಹಾಗಾದ್ರೆ ಅರ್ಥ ಹೇಳಿ. ಹೆಸರಿನ ಅರ್ಥ ಹೇಳಿದವರಿಗೆ ಮಾತ್ರ ಬಾಯಿ ಬಿಡು ಅಂತ ನನ್ನಿಂದ ಮಾತು ತಗೊಂಡಿದ್ದಾರೆ."

"ಯಾರು ತಗೊಂಡಿದ್ದಾರೆ?"

"ಅರ್ಥ, ಅಮ್ಮಾ."

ಬಸ್ಸಿನ ಹಾರನ್ ಮೊಳಗಿತು. ಯಾವನೋ ಪ್ರಯಾಣಿಕ ಕೈ ಹಾಕಿದ್ದ. "ಮುಟ್ಟಿದ್ರೆ ಕೈ ಮುರೀತೀನಿ!" ಅಂತ ಇವಳು ಇಲ್ಲಿಂದಲೇ ಕೂಗಿದಳು. ಹಾರನ್ ಅರ್ಧಕ್ಕೆ ನಿಂತಿತು. ಅಂಥ ದನಿ. ಬೀದಿಯ ನಾಯಿಗಳೂ ಬೊಗಳುವುದು ಬಿಟ್ಟು ಸಾಲಾಗಿ ಕೂತವು.

"ಹಿಡಿದಿದ್ದೀನಿ," ಅಂದಳು ಆಮೇಲೆ, ದನಿ ತಗ್ಗಿಸಿ. "ಅದೇ ಅದರ ಅರ್ಥ. ನನಗೆ ಸೈಕಲ್ ಕಲಿಸುವಾಗ ಅಪ್ಪ ಹಿಂದೆ ಓಡ್ತಾ ಅದನ್ನೇ ಕೂಗ್ತಿದ್ದ. ಹೆಸರು ಕರೆದ ಹಾಗೂ ಆಯ್ತು, ಹಿಡ್ಕೊಂಡಿದ್ದೀನಿ ಅಂತ ಧೈರ್ಯ ಹೇಳಿದ ಹಾಗೂ ಆಯ್ತು."

ಕೆತ್ತನೆಯವನು ತಲೆ ಆಡಿಸಿದ. ಆಡಿಸಿದ ರೀತಿ ನನಗೆ ಹಿಡಿಸಲಿಲ್ಲ.

"ಅರ್ಧ ಸರಿ."

"ಏನಂದ್ರಿ?"

"ಅರ್ಧವೇ ಸರಿ, ಅಮ್ಮಾ. ಇನ್ನರ್ಧ ಇದೆ."

ನಾನು ಜ್ವಾಲಾಮುಖಿ ನೋಡಿದ್ದೇನೆ, ಅದರ ಬಾಯಿಯ ಅಂಚಿನಲ್ಲಿ ಕೂತು ಉಗುರು ಕತ್ತರಿಸಿಕೊಂಡಿದ್ದೇನೆ. ಅದು ಇದರ ಮುಂದೆ ಏನೂ ಅಲ್ಲ.

"ನನ್ನ ಹೆಸರಿನ ಅರ್ಥ ನನಗಿಂತ ನಿಮಗೆ ಜಾಸ್ತಿ ಗೊತ್ತಾ?" ಅವಳು ಕೌಂಟರು ಗುದ್ದಿದಳು. ಉಂಗುರಗಳು ಕುಣಿದವು. "ಕಿಟಕಿಯಲ್ಲಿಟ್ಟು ಊರಿಗೆಲ್ಲ ಹಂಚಿದ್ದೀರಿ! ಕ್ಷೌರದಂಗಡಿಯವನ ಮಗಳು ನಾನು, ಮೇಷ್ಟ್ರ ಮಗಳು ನಾನು! ನನಗೆ ಅಂತ ಅವನು ಬಿಟ್ಟುಹೋಗಿದ್ದು ಅದೊಂದೇ. ಮನೆಯಿಲ್ಲ, ಫೋಟೋ ಇಲ್ಲ, ಒಂದು ಲೋಟ ಇಲ್ಲ. ಅದನ್ನೂ ದೋಚಿಬಿಟ್ಟು, ಈಗ ಅರ್ಧ ಸರಿ ಅಂತ ಮಾರ್ಕ್ಸ್ ಬೇರೆ ಕೊಡ್ತೀರಾ?"

ಕೆತ್ತನೆಯವನು ಭೂತಗನ್ನಡಿ ತೆಗೆದ. ಕಣ್ಣು ಒದ್ದೆಯಾಗಿತ್ತು.

"ಆ ಮಗಳು ನೀವೇ ಅನ್ನೋದರಲ್ಲಿ ನನಗೆ ಸಂಶಯ ಇಲ್ಲ. ಕೇಳಿ. ಕೊಟ್ಟದ್ದು ನಿಮ್ಮಪ್ಪನೇ. ಕೈ ಎರಡಕ್ಕೂ ಬ್ಯಾಂಡೇಜು ಸುತ್ತಿತ್ತು. ಬಟ್ಟಲನ್ನ ಮೊಣಕೈಗಳ ನಡುವೆ ಹಿಡ್ಕೊಂಡು ಬಂದ್ರು."

"ಯಾವಾಗ?" ಅಂದೆ ನಾನು. ಇಂಥ ಹೊತ್ತಿನಲ್ಲಿ ಸರಿಯಾದ ಪ್ರಶ್ನೆ ಬರುವುದು ನನ್ನ ಬಾಯಿಂದಲೇ.

"ಅವರು ಗಾಜು ಊದೋ ಶೆಡ್ಡಿಗೆ ಬೆಂಕಿ ಬಿದ್ದ ಮರುವಾರ."

ಬೆಂಕಿ ಬಿದ್ದ ಮರುವಾರ. ಅಂದರೆ ಸತ್ತ ಮೇಲೆ.

"ಬೂದಿ ಕೊಟ್ರು ನನಗೆ," ಅಂದಳು ಅವಳು. "ಚಿಕ್ಕಪ್ಪ ಒಂದು ಡಬ್ಬಿಯಲ್ಲಿ ಬೂದಿ ತಂದುಕೊಟ್ಟ. ಹನ್ನೆರಡು ವರ್ಷ ಅದನ್ನೇ ಅಪ್ಪ ಅಂದ್ಕೊಂಡಿದ್ದೀನಿ."

"‘ನಾನಾಗಿ ಮಗಳ ಹತ್ರ ಹೋಗೋ ಹಾಗಿಲ್ಲ, ಅವಳೇ ಹುಡುಕಿಕೊಂಡು ಬರಬೇಕು, ಬೀದಿಗೆ ಕಾಣೋ ಹಾಗೆ ಇಡು,’ ಅಂದ್ರು. ಯಾಕೆ ಅಂತ ಹೇಳಲಿಲ್ಲ. ಹೆಸರು ಎಲ್ಲಿಂದ ಬಂತು ಅಂತ ಮಾತ್ರ ಹೇಳಿದ್ರು. ನೀವು ಹುಟ್ಟಿದಾಗ ನರ್ಸು ನಿಮ್ಮನ್ನ ಎತ್ತಿ ಅವರ ಕೈಗೆ ಕೊಟ್ಟಳಂತೆ. ಇವರು ಶೆಡ್ಡಿನಿಂದ ನೇರ ಓಡಿ ಬಂದವರು. ಕೈ ಚಾಚಿ, ಅಭ್ಯಾಸಬಲದಿಂದ ಕುಲುಮೆ ಮುಂದೆ ಕೂಗೋ ಮಾತನ್ನೇ ಕೂಗಿಬಿಟ್ರು. ನರ್ಸು ಹೆದರಿ, ‘ಅದೇ ಹೆಸರಾ?’ ಅಂದಳು. ‘ಇನ್ಮೇಲೆ ಅದೇ,’ ಅಂದ್ರಂತೆ."

ಡ್ರೈವರಮ್ಮನ ಕೆನ್ನೆ ಕಂಪಿಸಿತು. ಅತ್ತಾಳು ಅಂದುಕೊಂಡೆ. ಕರವಸ್ತ್ರಕ್ಕೆ ಕೈ ಹಾಕಿದೆ. ತಪ್ಪು ಲೆಕ್ಕ.

"ಹಿಡಿದಿದ್ದೀನಿ ಅಂತ ಹೆಸರಿಟ್ಟವನು, ಬಿಟ್ಟುಹೋದ!" ಅಂತ ಅರಚಿದಳು. "ಬದುಕಿದ್ದು ಬಿಟ್ಟುಹೋದ! ಕಿಟಕಿಯಲ್ಲಿ ಬಟ್ಟಲು ಇಟ್ಟು ಒಗಟು ಹಾಕ್ತಾನೆ! ಬಾಯಿರಲಿಲ್ವಾ? ಮನೆ ದಾರಿ ಗೊತ್ತಿರಲಿಲ್ವಾ? ಎಲ್ಲಿ ಆ ಬಟ್ಟಲು? ಅದನ್ನ ಅವನ ತಲೆ ಮೇಲೇ ಒಡೀತೀನಿ!"

"ಅದು ಇಲ್ಲ," ಅಂದ ಕೆತ್ತನೆಯವನು.

"ಇಲ್ಲ ಅಂದ್ರೆ?"

"ಹೋದ ವಾರ ಒಬ್ಬರು ಬಂದು ಪೂರ್ತಿ ಅರ್ಥ ಹೇಳಿದ್ರು. ಕೊಟ್ಟುಬಿಟ್ಟೆ. ಪೀಠ ಬರಿದಾಗಿ ಕಾಣ್ತಿತ್ತು, ಅದಕ್ಕೇ ಈ ನಕಲು ಕೆತ್ತಿ ಇಟ್ಟೆ."

ನಾನು ಹೊಟ್ಟೆ ಒಳಗೆಳೆದು ಮುಂದೆ ಬಂದೆ. ಕರಾರುವಾಕ್ಕಾದ ವಿಚಾರಣೆ ಹೇಗಿರುತ್ತದೆ ಅಂತ ಜಗತ್ತಿಗೆ ತೋರಿಸುವ ಹೊತ್ತು. "ಏನು ಹೇಳಿದ? ಒಂದಕ್ಷರ ಬಿಡದೆ ಹೇಳಪ್ಪ."

"ಹೇಳಲಿಲ್ಲ ಸ್ವಾಮಿ, ಮಾಡಿ ತೋರಿಸಿದ. ಕುಲುಮೆ ಮುಂದೆ ಇಬ್ಬರು ನಿಲ್ತಾರಂತೆ. ಒಬ್ಬನ ಕೊಳವೆ ತುದಿಯಲ್ಲಿ ಬಿಸಿ ಗಾಜು. ಅದು ಇನ್ನೊಬ್ಬನ ಸರಳಿಗೆ ದಾಟಬೇಕು. ಹಿಡಿದುಕೊಂಡವನು ಈ ಮಾತು ಕೂಗಬೇಕು. ಅಂದ್ರೆ, ‘ನಾನು ಹಿಡಿದಿದ್ದೀನಿ, ಇನ್ನು ನೀನು ಬಿಡು.’ ಆಚೆಯವನು ‘ಬಿಟ್ಟೆ’ ಅನ್ನಬೇಕು. ಅನ್ನೋವರೆಗೂ ಇಬ್ಬರೂ ಅಲ್ಲಾಡೋ ಹಾಗಿಲ್ಲ. ಆ ಶೆಡ್ಡಿನಲ್ಲಿ ಇಬ್ಬರೇ ಇದ್ದದ್ದು, ಇಬ್ಬರಿಗೇ ಗೊತ್ತಿರೋ ಮಾತು ಅಂತ ನಿಮ್ಮಪ್ಪನೂ ಹೇಳಿದ್ರು. ಬಂದವನು ಇಲ್ಲೇ ನಿಂತು, ಎಡಗೈ ಹೀಗೆ ಚಾಚಿ, ಒಂದೇ ಸಲ ಕೂಗಿದ. ನನ್ನ ಕೈಯಲ್ಲಿದ್ದ ಉಂಗುರ ಬಿತ್ತು."

"ಅವನು ನೋಡೋಕೆ ಹೇಗಿದ್ದ?"

"ಸಾಧಾರಣ. ಆದ್ರೆ ಒಂದು ನೋಡಿದೆ. ಟೀ ತರಿಸಿದ್ದೆ, ಕುದೀತಾ ಇತ್ತು. ಲೋಟದ ಅಂಚು ಮುಟ್ಟಿದ್ರೇ ನನ್ನ ಬೆರಳು ಸುಡ್ತು. ಆತ ಅಂಗೈ ತುಂಬ ಹಿಡ್ಕೊಂಡೇ ಆರಾಮಾಗಿ ನಿಂತಿದ್ದ."

ಡ್ರೈವರಮ್ಮ ನನ್ನ ಕಡೆ ತಿರುಗಿದಳು. ನಾನು ಆಗಲೇ ಅವಳ ಕಡೆ ತಿರುಗಿದ್ದೆ.

ಮೊನ್ನೆ ನಾವು ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಅಪ್ಪ ಹೋದ ಮೇಲೆ ಅವಳನ್ನು ಸಾಕಿ ಬೆಳೆಸಿದ ಮನುಷ್ಯ. "ಅಣ್ಣನ ಹುಚ್ಚು ಹೆಸರದು. ಅರ್ಥಗಿರ್ಥ ನನಗೇನು ಗೊತ್ತು?" ಅಂದಿದ್ದ. "ಆ ಶೆಡ್ಡಿಗೆ ನಾನು ಕಾಲಿಟ್ಟವನೇ ಅಲ್ಲಪ್ಪ, ಗಾಜು ಅಂದ್ರೆ ನನಗೆ ಹೆದರಿಕೆ." ಹಾಗನ್ನುತ್ತಲೇ ಒಲೆಯ ಮೇಲಿಂದ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ್ದ. "ಇಕ್ಕಳ ಹಿಡಿದುಕೊಳ್ಳಿ ಅಂದ್ರೆ ಕೇಳಲ್ಲ ಇವರು," ಅಂತ ಚಿಕ್ಕಮ್ಮ ಗೊಣಗಿದ್ದಳು.

"ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ," ಅಂದೆ. "ಇವನು ಹೆಗಲನ್ನಲ್ಲ, ಪಾತ್ರೆಯನ್ನೇ ಮುಟ್ಟಿದ. ನಾನು ಅಂದೇ ನೋಡಿಕೊಂಡಿದ್ದೆ."

"ನೋಡಿಕೊಂಡವರು ಯಾಕೆ ಹೇಳಲಿಲ್ಲ?"

"ಹಣ್ಣಾಗಲಿ ಅಂತ ಬಿಟ್ಟಿದ್ದೆ."

ಅವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಿದರೆ ಕಾಗದ ಹೊತ್ತಿಕೊಳ್ಳುತ್ತದೆ.

"ಬಟ್ಟಲಿನ ಜೊತೆ ಇನ್ನೇನಾದ್ರೂ ಕೊಟ್ರಾ ಅವನಿಗೆ?" ಅಂತ ಕೆತ್ತನೆಯವನನ್ನು ಕೇಳಿದಳು.

"ಒಂದು ಮಾತು ಹೇಳಬೇಕಿತ್ತು. ಮಗಳಿಗೆ ಹೇಳು ಅಂದಿದ್ದು. ಅರ್ಥ ಸರಿ ಇತ್ತಲ್ಲ, ನಿಮ್ಮ ಕಡೆಯವನೇ ಅಂತ ಹೇಳಿಬಿಟ್ಟೆ ತಾಯಿ... ‘ಹಳೇ ಶೆಡ್ಡಿನ ಕುಲುಮೆ ಹೊತ್ತಿಸು. ಚಿಮಣಿಯಲ್ಲಿ ಹೊಗೆ ಕಂಡರೆ, ಎಲ್ಲಿದ್ದರೂ ಬರ್ತೀನಿ.’"

ಡ್ರೈವರಮ್ಮನ ಕೈಯಿಂದ ನಕಲಿ ಬಟ್ಟಲು ಜಾರಿತು. ನಾನು ಗಾಳಿಯಲ್ಲೇ ಹಿಡಿದೆ. ಯಾರೂ ಮೆಚ್ಚಿಕೊಳ್ಳಲಿಲ್ಲ.

"ಮೊನ್ನೆಯಿಂದ ಸೇತುವೆ ಹತ್ತುವಾಗ ಆ ಕಡೆ ಹೊಗೆ ಕಾಣ್ತಿದೆ," ಅಂದಳು. "ಯಾರೋ ಕಸ ಸುಡ್ತಿದ್ದಾರೆ ಅಂದ್ಕೊಂಡೆ."

---

ಬಸ್ಸು ಹತ್ತಿದವಳು ಹಿಂದೆ ತಿರುಗಿ ಒಂದೇ ಮಾತು ಹೇಳಿದಳು. "ಇಳಿಯೋರು ಈಗಲೇ ಇಳೀರಿ. ಆಮೇಲೆ ಸ್ಟಾಪಿಲ್ಲ."

"ಕಂಪ್ಲೇಂಟ್ ಕೊಡ್ತೀನಿ!" ಅಂತ ಛತ್ರಿ ಎತ್ತಿದ ಒಬ್ಬ.

"ಹೆಸರು ಬರ್ಕೊಳ್ಳಿ," ಅಂತ ತನ್ನ ಹೆಸರು ಕೂಗಿದಳು. ಮನೆ ಹೆಸರು. ಅಷ್ಟು ಜನರ ಮುಂದೆ ಅವಳೇ ಅದನ್ನು ಹೇಳಿಕೊಂಡದ್ದು ನಾನು ಅದೇ ಮೊದಲು ಕೇಳಿದ್ದು.

ಎಲ್ಲರೂ ಇಳಿದರು. ಕಂಡಕ್ಟರು ಮಾತ್ರ ಇಳಿಯಲಿಲ್ಲ. "ಸೀಟಿ ನನ್ನ ಹತ್ರ ಇದೆ ಮೇಡಂ, ನಾನಿಲ್ದೆ ಬಸ್ಸು ಹೋಗೋ ಹಾಗಿಲ್ಲ," ಅಂದು ಪೀಪಿ ಊದಿದ.

ಬಸ್ಸು ಹಾರಿತು. ಹಾರಿತು ಅನ್ನುವುದನ್ನು ಈ ಒಂದು ಸಲ ಇದ್ದ ಹಾಗೆಯೇ ನಂಬಿ. ಸೇತುವೆಯ ಮೇಲೆ ಆರೂ ಚಕ್ರಗಳು ನೆಲ ಬಿಟ್ಟಿದ್ದವು, ಕೆಳಗೆ ಹೋಗುತ್ತಿದ್ದ ರೈಲಿನವರು ಕೈ ಬೀಸಿದರು.

"ನನ್ನನ್ನ ಸಾಕಿದವನು," ಅನ್ನುತ್ತಿದ್ದಳು ಸ್ಟೀರಿಂಗಿಗೆ. "ಜ್ವರ ಬಂದಾಗ ರಾತ್ರಿಯೆಲ್ಲ ಕೂತವನು. ಬೂದಿ ಕೊಟ್ಟವನು. ಹೊಗೆ ತೋರಿಸಿ ಅಪ್ಪನನ್ನ ಕರೆಸಿ, ಅವನ ಮೇಲೆ ಕೈ ಮಾಡಿದ್ರೆ... ಅಲ್ಲ, ಅಪ್ಪನಿಗೂ ಇದೆ. ಮೊದಲು ಬದುಕಿರಲಿ, ಆಮೇಲೆ ನಾನೇ ವಿಚಾರಿಸ್ಕೋತೀನಿ."

ಶೆಡ್ಡಿನ ಗೋಡೆಗಳು ಇನ್ನೂ ಕಪ್ಪಗೇ ಇದ್ದವು. ಸುಟ್ಟ ಚಾವಣಿಗೆ ಹೊಸ ತಗಡು ಹೊದಿಸಿದ್ದರು. ಚಿಮಣಿಯಿಂದ ಬರುತ್ತಿದ್ದದ್ದು ಆಗಷ್ಟೇ ಹೊತ್ತಿಸಿದ ಹಸಿ ಹೊಗೆಯಲ್ಲ. ತೆಳ್ಳಗೆ, ಬಿಗಿಯಾಗಿ, ನಡುಗುವ ಬಿಸಿ. ಹಗಲೂ ರಾತ್ರಿ ಕೂತು ಕಾಯಿಸಿದ ಕುಲುಮೆ.

ಬಾಗಿಲ ಹೊರಗೆ ಎರಡು ಜೊತೆ ಚಪ್ಪಲಿ. ಒಂದು ಜೊತೆ ಚಿಕ್ಕಪ್ಪನದು, ಅವಳೇ ಕೊಡಿಸಿದ್ದು. ಇನ್ನೊಂದು ದೂರದಿಂದ ನಡೆದು ಬಂದು ಸವೆದದ್ದು. ಎರಡನ್ನೂ ಒಟ್ಟಿಗೆ, ಗೋಡೆಗೆ ಸರಿಯಾಗಿ ಜೋಡಿಸಿಟ್ಟಿದ್ದರು. ಜಗಳಕ್ಕೆ ಬಂದವರು ಚಪ್ಪಲಿ ಜೋಡಿಸುವುದನ್ನು ನಾನು ನೋಡಿಲ್ಲ.

ಪಕ್ಕದಲ್ಲೇ ಕಲ್ಲಿನ ಮೇಲೆ ಆ ಬಟ್ಟಲು. ತಳದಲ್ಲಿ ಗಾಯ. ಒಳಗೆ ಅರ್ಧ ಕುಡಿದ ನೀರು.

ಡ್ರೈವರಮ್ಮ ನೆಲದಲ್ಲಿ ಬಿದ್ದಿದ್ದ ಒಂದು ಕಬ್ಬಿಣದ ಸರಳು ಎತ್ತಿಕೊಂಡಳು. ಬಾಗಿಲಿಗೆ ಕಾಲೆತ್ತಿದಳು.

ಆಗ ಒಳಗಿಂದ ಕೂಗು ಬಂತು. ಅವಳ ಹೆಸರು. ಗಟ್ಟಿಯಾಗಿ, ಒಂದೇ ಸಲ.

ಅವಳ ಕಾಲು ಗಾಳಿಯಲ್ಲೇ ನಿಂತಿತು. "ಚಿಕ್ಕಪ್ಪ," ಅಂದಳು.

ನಾವು ಕಾದೆವು. ನಾನು, ಅವಳು, ಬಾಯಲ್ಲಿ ಸೀಟಿ ಕಚ್ಚಿಕೊಂಡ ಕಂಡಕ್ಟರು.

ಉತ್ತರ ಬಂತು. ಒರಟು ಗಂಟಲು, ಆದರೆ ಹೆದರಿಕೆಯಿಲ್ಲ, ನೋವಿಲ್ಲ. ದಿನಾ ಆಡುವ ಮಾತನ್ನು ಆಡುವವರ ದನಿ ಅದು.

"ಬಿಟ್ಟೆ."

ಅವಳು ಎತ್ತಿದ ಕಾಲನ್ನು ನೆಲಕ್ಕಿಟ್ಟಳು. ಹನ್ನೆರಡು ವರ್ಷದ ಮೇಲೆ ಅಪ್ಪನ ದನಿ.

ಆಮೇಲೆ ಒಳಗೆ ಇಬ್ಬರೂ ಒಟ್ಟಿಗೆ ನಕ್ಕರು.